ಹನ್ನೊಂದರಲ್ಲಿ ಐದು

ಹನ್ನೊಂದರಲ್ಲಿ ಐದು ಅರ್ಧವಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತೊಂದು ವರ್ಷ ಇಂಥದ್ದನ್ನೇ ಹೇಳಿಕೊಟ್ಟು ಗಂಟಲು ಒಣಗಿಸಿಕೊಂಡವಳು ನಾನು. ಹನ್ನೊಂದರ ಅರ್ಧ ಐದೂವರೆ. ಐದು ಅದಕ್ಕಿಂತ ಒಂದು ಚೂರು ಕಡಿಮೆ. ಆ ಚೂರಿನಲ್ಲೇ ನನ್ನ ಕೊಠಡಿ ಹೋಯಿತು, ತಂಗಿಯೂ ಹೋದಳು. ತಂಗಿ ಸತ್ತಿಲ್ಲ, ಗಾಬರಿಯಾಗಬೇಡಿ. ಗುಂಡುಕಲ್ಲಿನ ಹಾಗೆ ಇದ್ದಾಳೆ, ಮಹಡಿ ಕೆಳಗೆ ದಿನಾ ಪಾಠ ಮಾಡುತ್ತಿದ್ದಾಳೆ.

ನಮ್ಮ ಶಾಲೆಯಲ್ಲಿ ಭಿನ್ನರಾಶಿ ತಲೆಗೆ ಹತ್ತದ ಐದನೇ ತರಗತಿ ಮಕ್ಕಳನ್ನು ಗಣಿತದ ಪೀರಿಯಡ್ಡಿನಲ್ಲಿ ಬೇರೆ ಕೂರಿಸುವ ಪದ್ಧತಿಯಿದೆ. ಅದಕ್ಕೆಂದೇ ಎರಡು ಕೊಠಡಿ. ಮಹಡಿಯ ಮೇಲಿನದು ನನ್ನದು, ಕೆಳಗಿನದು ತಂಗಿಯದು. ನನ್ನದು ಮೊದಲು ಮುರಿದ ಬೆಂಚುಗಳ ಗೋದಾಮಾಗಿತ್ತು. ಹದಿನಾಲ್ಕು ವರ್ಷದ ಹಿಂದೆ ನಾನೇ ನಿಂತು ಗುಡಿಸಿ, ಬೆಂಚುಗಳ ಕಾಲಿಗೆ ಮೊಳೆ ಹೊಡೆದು, ಗಾಜಿಲ್ಲದ ಕಿಟಕಿಗೆ ಹಳೆಯ ಭೂಪಟ ಅಂಟಿಸಿ, ಅದನ್ನು ಮನುಷ್ಯರು ಕೂರುವ ಜಾಗ ಮಾಡಿದೆ. ಕಪ್ಪುಹಲಗೆಯ ಎಡತುದಿಯಲ್ಲಿ ಉದ್ದಕ್ಕೂ ಒಂದು ಬಿರುಕು. ಅಲ್ಲಿ ದಶಮಾಂಶದ ಬಿಂದು ಇಟ್ಟರೆ ಬಿರುಕಿನೊಳಗೆ ಹೋಗಿ ಅಡಗಿ ಕೂರುತ್ತದೆ. ಹಾಗಾಗಿ ನಾನು ಯಾವಾಗಲೂ ಒಂದು ಗೇಣು ಬಿಟ್ಟು ಬರೆಯುತ್ತಿದ್ದೆ. ಮಕ್ಕಳು ನನಗಿಟ್ಟ ಹೆಸರು ಪಾಯಿಂಟ್ ಟೀಚರ್. ಸ್ಟಾಫ್ ರೂಮಿನವರು ಇಟ್ಟ ಹೆಸರು ಬೇರೆ, ಅದು ನನ್ನ ಕೋಪಕ್ಕೆ ಸಂಬಂಧಪಟ್ಟದ್ದು, ಇಲ್ಲಿ ಬೇಡ.

ನನ್ನ ಪಾಠದ ಮುಖ್ಯ ಸಾಮಾನು ಒಂದು ರಟ್ಟಿನ ಪಟ್ಟಿ. ಮೂರರಲ್ಲಿ ಎರಡು ಎಂದರೆ ಎರಡನ್ನು ಮೂರರಿಂದ ಭಾಗಿಸಬೇಕು. ಭಾಗಿಸಿದರೆ ಸೊನ್ನೆ ಪಾಯಿಂಟ್ ಆರು ಆರು ಆರು ಎಂದು ಮುಗಿಯದೆ ಹೋಗುತ್ತಲೇ ಇರುತ್ತದೆ. ಚಿಕ್ಕ ಮಕ್ಕಳು ಇದನ್ನು ಕಂಡು ಹೆದರುತ್ತಾರೆ. ಪುಟ ಮುಗಿದರೂ ಆರು ಮುಗಿಯುವುದಿಲ್ಲವಲ್ಲ ಎಂದು ಅಳುತ್ತಾರೆ. ಆಗ ಅವರ ಕೈಗೆ ಪಟ್ಟಿ ಕೊಡುತ್ತೇನೆ. ಅದರಲ್ಲಿ ಎರಡು ಕಿಂಡಿ. ದೊಡ್ಡ ಕಿಂಡಿಯಲ್ಲಿ ನಮಗೆ ಬೇಕಾದಷ್ಟು ಅಂಕಿ, ಪಕ್ಕದ ಸಣ್ಣ ಕಿಂಡಿಯಲ್ಲಿ ಅದರ ಮುಂದಿನ ಒಂದೇ ಒಂದು ಅಂಕಿ ಕಾಣುತ್ತದೆ. ಉಳಿದದ್ದೆಲ್ಲ ರಟ್ಟಿನಡಿ ಮುಚ್ಚಿಹೋಗುತ್ತದೆ. ಸಣ್ಣ ಕಿಂಡಿಯಲ್ಲಿ ಐದೋ ಅದಕ್ಕಿಂತ ಹೆಚ್ಚೋ ಕಂಡರೆ ದೊಡ್ಡ ಕಿಂಡಿಯ ಕೊನೆಯ ಅಂಕಿಗೆ ಒಂದು ಸೇರಿಸು. ನಾಲ್ಕೋ ಅದಕ್ಕಿಂತ ಕಡಿಮೆಯೋ ಕಂಡರೆ ಇದ್ದ ಹಾಗೆ ಬಿಡು. ಮೂರರಲ್ಲಿ ಎರಡು, ಎರಡು ಸ್ಥಾನಕ್ಕೆ, ಸೊನ್ನೆ ಪಾಯಿಂಟ್ ಆರು ಏಳು. ಮುಗಿಯಿತು, ಕಣ್ಣೊರೆಸಿಕೋ.

ಈ ಪಟ್ಟಿಯನ್ನು ನಾನು ಮೊದಲು ಮಾಡಿದ್ದು ತಂಗಿಗಾಗಿ. ಆಗ ನನಗೆ ಹನ್ನೆರಡು, ಅವಳಿಗೆ ಒಂಬತ್ತು. ಮುಗಿಯದ ಆರುಗಳನ್ನು ಕಂಡು ಅವಳೂ ಅಡುಗೆಮನೆಯ ಬಾಗಿಲಿನ ಹಿಂದೆ ಕೂತು ಅಳುತ್ತಿದ್ದಳು. ಅಪ್ಪನ ಚಪ್ಪಲಿ ಡಬ್ಬಿಯ ಮುಚ್ಚಳ ಕತ್ತರಿಸಿ, ಅಂಚು ಸವೆಯದಿರಲೆಂದು ನೀಲಿ ಬಟ್ಟೆ ಅಂಟಿಸಿ, ಹಿಂದುಗಡೆ ದುಂಡಗೆ ಬರೆದುಕೊಟ್ಟೆ: 'ನನ್ನ ತಂಗಿಗೆ, ಅಕ್ಕ ಮಾಡಿದ್ದು. ಯಾವಾಗಲೂ ಪಕ್ಕದವರನ್ನು ನೋಡಿ ಬರೆ.' ಅಪ್ಪ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಪರೀಕ್ಷೇಲಿ ಕಾಪಿ ಹೊಡಿಯೋಕೆ ಹೇಳ್ಕೊಡ್ತಿದೀಯೇನೇ?" ಎಂದ. ತಂಗಿ ಮಾತ್ರ ನಗದೆ ಪಟ್ಟಿಯನ್ನು ಎದೆಗೊತ್ತಿ ಹಿಡಿದುಕೊಂಡಿದ್ದಳು. ಆಮೇಲೆ ಅವಳು ಓದಿದ್ದು, ಟೀಚರ್ ಆಗಿದ್ದು, ನಾನು ಹೆಡ್‌ಮಾಸ್ಟರ ಬಾಗಿಲು ಸವೆಸಿ ಅವಳನ್ನು ಇದೇ ಶಾಲೆಗೆ ಸೇರಿಸಿದ್ದು ಎಲ್ಲ ಆಯಿತು. ಎಂಟು ವರ್ಷದಿಂದ ಮಧ್ಯಾಹ್ನ ಒಟ್ಟಿಗೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು.

ಈ ಸಲ ಅರ್ಧವರ್ಷದ ಪರೀಕ್ಷೆಗೆ ಮುಂಚೆ ಆಡಳಿತ ಮಂಡಳಿಯಿಂದ ಸುತ್ತೋಲೆ ಬಂತು. ಎರಡು ಕೊಠಡಿಗಳಲ್ಲಿ ಎಷ್ಟು ಭಾಗ ಮಕ್ಕಳು ಪಾಸಾದರೆಂದು ದಶಮಾಂಶದಲ್ಲಿ ಬರೆದುಕೊಡಬೇಕು. 0.5ಕ್ಕಿಂತ ಕಡಿಮೆ ಬಂದ ಕೊಠಡಿಯನ್ನು ಮುಚ್ಚಿ ಮಕ್ಕಳನ್ನು ಇನ್ನೊಂದಕ್ಕೆ ಸೇರಿಸಲಾಗುವುದು. ಮುಚ್ಚಿದ ಕೊಠಡಿಯ ಶಿಕ್ಷಕಿ ಗ್ರಂಥಾಲಯ ನೋಡಿಕೊಳ್ಳತಕ್ಕದ್ದು. ಎಷ್ಟು ಸ್ಥಾನಕ್ಕೆ ಬರೆಯಬೇಕು ಎಂದು ಅದರಲ್ಲಿ ಇರಲಿಲ್ಲ. ಬರೆದ ಪುಣ್ಯಾತ್ಮರಿಗೆ ಅದು ಹೊಳೆದೂ ಇರಲಿಕ್ಕಿಲ್ಲ. ಇಂಥ ಫಾರಂಗಳಲ್ಲಿ ನಾವು ಮೊದಲಿನಿಂದಲೂ ಒಂದೇ ಸ್ಥಾನಕ್ಕೆ ಬರೆಯುತ್ತಿದ್ದೆವು.

ಪರೀಕ್ಷೆ ಮುಗಿಯಿತು. ನನ್ನ ಹನ್ನೊಂದು ಮಕ್ಕಳಲ್ಲಿ ಐವರು ಪಾಸಾದರು. ಆರನೆಯವಳಾಗಿ ಪಾಸಾಗಬೇಕಿದ್ದವಳು ಒಬ್ಬ ಹುಡುಗಿ. ಅವಳನ್ನು ಎಲ್ಲರೂ ರಬ್ಬರ್ ಅನ್ನುತ್ತಾರೆ, ಬರೆದದ್ದನ್ನೆಲ್ಲ ಅಳಿಸುತ್ತಾಳೆ ಅದಕ್ಕೆ. ಕೊನೆಯ ಲೆಕ್ಕಕ್ಕೆ ಸರಿಯುತ್ತರ ಬರೆದು, ನಂಬಿಕೆ ಸಾಲದೆ ಅಳಿಸಿ, ಮತ್ತೆ ಅದನ್ನೇ ಬರೆದು ಮತ್ತೆ ಅಳಿಸಿ, ಕಾಗದವೇ ತೂತಾಗಿತ್ತು. ತೂತಿಗೆ ಮಾರ್ಕ್ಸ್ ಕೊಡಲು ಬರುವುದಿಲ್ಲ. ಅವತ್ತು ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೂ ಅವಳ ಮುಖ ನೋಡಿ ಏನೂ ಅನ್ನಲಿಲ್ಲ.

ಮಧ್ಯಾಹ್ನ ತಂಗಿ ಡಬ್ಬಿ ಬಿಚ್ಚುತ್ತಾ ಕೇಳಿದಳು, "ನಿಂದೆಷ್ಟಾಯ್ತು ಅಕ್ಕಾ?"

"ಹನ್ನೊಂದರಲ್ಲಿ ಐದು. ನಿಂದು?"

"ಹದಿಮೂರರಲ್ಲಿ ಆರು."

ಇಬ್ಬರದೂ ಅರ್ಧಕ್ಕೆ ಚೂರು ಕಡಿಮೆ. ನಾನು ಬೆರಳಲ್ಲೇ ಮೇಜಿನ ಮೇಲೆ ಭಾಗಿಸಿದೆ. ನನ್ನದು ಸೊನ್ನೆ ಪಾಯಿಂಟ್ ನಾಲ್ಕು ಐದು ನಾಲ್ಕು ಐದು. ಅವಳದು ಸೊನ್ನೆ ಪಾಯಿಂಟ್ ನಾಲ್ಕು ಆರು ಒಂದು. "ಒಂದು ಸ್ಥಾನಕ್ಕೆ ಬರೆದ್ರೆ ಇಬ್ಬರದೂ ಪಾಯಿಂಟ್ ಐದು. ಬದುಕ್ಕೊಂಡ್ವಿ ಬಿಡು," ಎಂದೆ. ಒಳಗೊಳಗೇ ಮುಜುಗರವಾಗುತ್ತಿತ್ತು. ಅರ್ಧವಲ್ಲದ್ದನ್ನು ಅರ್ಧ ಎಂದು ಬರೆಯುವುದು, ನಿಯಮದ ಪ್ರಕಾರ ಸರಿಯಿದ್ದರೂ, ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ತಂಗಿ ಚಮಚದಿಂದ ಡಬ್ಬಿಯ ತಳ ಕೆರೆಯುತ್ತಾ ಕೂತಿದ್ದಳು.

ಮರುದಿನ ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲು ಅವಳೇ ಮಹಡಿ ಹತ್ತಿ ಬಂದಳು. ಏದುಸಿರು ಬಿಡುತ್ತಿದ್ದಳು.

"ಅಕ್ಕಾ, ಆಫೀಸಲ್ಲಿ ಕೇಳ್ಕೊಂಡು ಬಂದೆ. ಈ ಸಲ ಎರಡು ಸ್ಥಾನಕ್ಕೆ ಬರೀಬೇಕಂತೆ."

"ಹಾಗಾದ್ರೆ ಇಬ್ಬರದೂ ಮುಳುಗ್ತು."

"ಮುಳುಗಿದ್ರೇ ಒಳ್ಳೇದು. ನೀನೇ ಯೋಚನೆ ಮಾಡು, ಎರಡೂ ಕೊಠಡಿ ಮುಚ್ಚೋಕಾಗತ್ತಾ? ಮಕ್ಕಳನ್ನ ಯಾವ ಇನ್ನೊಂದಕ್ಕೆ ಸೇರಿಸ್ತಾರೆ? ಬರೆದು ಕೊಟ್ಬಿಡೋಣ. ಆಮೇಲೆ ಇಬ್ಬರೂ ಒಟ್ಟಿಗೆ ಹೆಡ್‌ಮಾಸ್ಟರ್ ಹತ್ರ ಹೋಗೋಣ. ನೀನು ಮಾತಾಡು, ನಾನು ಪಕ್ಕದಲ್ಲಿ ನಿಂತಿರ್ತೀನಿ."

ನನಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ನಿಜವನ್ನೇ ಬರೆದು, ತಂಗಿಯನ್ನು ಪಕ್ಕದಲ್ಲಿಟ್ಟುಕೊಂಡು, ಹೆಡ್‌ಮಾಸ್ಟರ ಎದುರು ಗುಡುಗುವುದು! ಅದಕ್ಕಿಂತ ಇನ್ನೇನು ಬೇಕಿತ್ತು ನನಗೆ. ಫಾರಂ ತೆಗೆದು ನನ್ನ ಅಂದದ ಅಕ್ಷರದಲ್ಲಿ 0.45 ಎಂದು ಬರೆದು ಸಹಿ ಹಾಕಿದೆ. ಎರಡು ಸ್ಥಾನ ಎಂದರೆ ಈ ಅಕ್ಕ ಕಣ್ಣು ಮುಚ್ಚಿಕೊಂಡು ಬರೆಯುತ್ತಾಳೆ ಎನ್ನುವುದು ನನ್ನ ತಂಗಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

"ನಿನ್ನ ಫಾರಂ ಎಲ್ಲಿ?" ಎಂದೆ.

"ಕೆಳಗಿದೆ. ಬರೆದು, ಎರಡನ್ನೂ ನಾನೇ ಕೊಟ್ಬಿಡ್ತೀನಿ. ನೀನು ಯಾಕೆ ಮೆಟ್ಟಿಲು ಹತ್ತಿ ಇಳೀತೀಯ, ಮಂಡಿ ನೋವು ಬೇರೆ." ಶಾಯಿ ಒಣಗಲೆಂದು ನನ್ನ ಸಹಿಯ ಮೇಲೆ ಅವಳೇ ಊದಿದಳು. ಮಂಡಿ ನೋವಿನ ಮಾತು ಕೇಳಿ ನನ್ನ ಮನಸ್ಸು ಕರಗಿತ್ತು.

ಐದನೇ ದಿನ ಸ್ಟಾಫ್ ರೂಮಿನ ಹೊರಗೆ ನೋಟಿಸ್ ಅಂಟಿಸಿದರು. ಎರಡೇ ಸಾಲು. ಕೆಳಗಿನ ಕೊಠಡಿ, 0.5, ಮುಂದುವರಿಯುವುದು. ಮೇಲಿನ ಕೊಠಡಿ, 0.45, ಮುಚ್ಚುವುದು.

ಮೊದಲು ನಾನು ಟೈಪ್ ಮಾಡಿದವರನ್ನು ಬೈದುಕೊಂಡೆ. 0.46 ಅನ್ನೋದನ್ನು 0.5 ಎಂದು ಹೊಡೆದಿದ್ದಾರಲ್ಲ, ಇವರಿಗೆ ಕಣ್ಣಿಲ್ಲವೇ ಎಂದುಕೊಂಡು ನೇರ ಆಫೀಸಿಗೆ ನುಗ್ಗಿದೆ. ಗುಮಾಸ್ತರು ಕಡತ ಬಿಚ್ಚಿ ತಂಗಿಯ ಫಾರಂ ತೋರಿಸಿದರು. ಅವಳ ಕೈಬರಹ. ಸೊನ್ನೆ ಪಾಯಿಂಟ್ ಐದು. ಅದರ ಐದನ್ನು ನಾನೇ ಕೈ ಹಿಡಿದು ತಿದ್ದಿಸಿದ್ದು, ಹೊಟ್ಟೆ ದಪ್ಪಗೆ, ಟೋಪಿ ಉದ್ದಕ್ಕೆ. ತಾರೀಖು ನೋಡಿದೆ. ಅವಳು ಮಹಡಿ ಹತ್ತಿ ಬರುವ ಹಿಂದಿನ ದಿನದ್ದು.

ಅಂದರೆ ನನ್ನ ಹತ್ತಿರ ಬರುವಾಗಲೇ ಅವಳ ಫಾರಂ ಆಫೀಸಿಗೆ ಸೇರಿತ್ತು. ಬೇರೆ ಯಾರೇ ಕೈ ಕೊಟ್ಟಿದ್ದರೂ ನಾನು ಸ್ಟಾಫ್ ರೂಮು ಅದುರುವಂತೆ ಕೂಗಾಡುತ್ತಿದ್ದೆ. ಆಗ ಗುಮಾಸ್ತರ ಮೇಜಿನ ಅಂಚು ಹಿಡಿದುಕೊಂಡು ನಿಂತುಬಿಟ್ಟೆ. ಅವರು ನೀರು ಬೇಕಾ ಎಂದು ಕೇಳಿದ್ದು ನೆನಪಿದೆ, ನಾನು ಏನು ಹೇಳಿದೆನೋ ನೆನಪಿಲ್ಲ.

ಹೆಡ್‌ಮಾಸ್ಟರು ಭಾಷಾಪಾಠದವರು. ಭಿನ್ನರಾಶಿ ಎಂದರೆ ಅವರಿಗೆ ಸೀನು ಬರುತ್ತದೆ.

"ಸರ್, ನಾನು ಎರಡು ಸ್ಥಾನಕ್ಕೆ ಬರ್ದಿದೀನಿ, ಅವಳು ಒಂದಕ್ಕೆ. ಎರಡನ್ನೂ ಒಂದೇ ಅಳತೇಲಿ ನೋಡಿ."

"ಅವರು ಬರೆದಿದ್ದು ತಪ್ಪಾ ಟೀಚರ್?"

"ತಪ್ಪಲ್ಲ."

"ನೀವು ಬರೆದಿದ್ದು?"

"ಅದೂ ತಪ್ಪಲ್ಲ."

"ಮತ್ತೆ ಇಬ್ಬರದೂ ಸರಿ ಇದ್ಮೇಲೆ ನಾನೇನು ಮಾಡ್ಲಿ? ನಿಮ್ಮ ಸಹಿ ಬೇರೆ ಇದೆ. ಮಂಡಳಿಗೆ ಕಳ್ಸಿ ಆಯ್ತು. ಕಂಪ್ಯೂಟರ್‌ಗಳು ನಾಳಿದ್ದೇ ಬರ್ತಿವೆ, ನಿಮ್ಮ ಕೊಠಡೀಲಿ ಇಡೋದು ಅಂತ ಗೊತ್ತಾಗಿದೆ."

ಎರಡು ಸ್ಥಾನಕ್ಕೆ ಬರೆಯಲು ನಿಮ್ಮ ಆಫೀಸಿನವರೇ ಹೇಳಿದರಂತೆ ಎಂದು ಕೇಳಲು ಬಾಯಿ ತೆರೆದೆ. ಅವರು ಯಾರೂ ಹಾಗೆ ಹೇಳಿರಲಿಲ್ಲ ಎನ್ನುವುದು ಅಷ್ಟರಲ್ಲಿ ನನಗೇ ಗೊತ್ತಾಗಿತ್ತು. ಹೇಳಿದರೆ ತಂಗಿ ಸುಳ್ಳಿ ಎಂದು ನಾನೇ ಸಾರಿದ ಹಾಗೆ. ಬಾಯಿ ಮುಚ್ಚಿಕೊಂಡು ಹೊರಗೆ ಬಂದೆ.

ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಕೊಠಡಿಗೆ ಹೋದೆ. ಅವಳು ಸೀಮೆಸುಣ್ಣದ ತುಂಡುಗಳನ್ನು ಉದ್ದದ ಪ್ರಕಾರ ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಆಫೀಸಲ್ಲಿ ಯಾರು ಹೇಳಿದ್ರು ನಿಂಗೆ, ಎರಡು ಸ್ಥಾನ ಅಂತ?"

"ಯಾರೂ ಹೇಳಲಿಲ್ಲ."

ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದೇ ನನಗೆ ಇನ್ನೂ ನೋವಾಯಿತು. ಸ್ವಲ್ಪವಾದರೂ ತಡವರಿಸಬಾರದೇ? ಅವಳೇ ಮುಂದುವರಿಸಿದಳು. "ಒಂದು ಕೊಠಡಿ ಕಂಪ್ಯೂಟರಿಗೆ ಬೇಕೇ ಬೇಕು ಅಂತ ಗುಮಾಸ್ತರು ಮೊದಲೇ ಹೇಳಿದ್ರು. ಇಬ್ಬರದೂ ಪಾಯಿಂಟ್ ಐದು ಬಂದ್ರೆ ಸೀನಿಯರ್‌ದು ಉಳಿಸ್ತಾರಂತೆ. ಸೀನಿಯರ್ ನೀನು."

"ಅದಕ್ಕೇ?"

"ನಾನು ಹುಟ್ಟಿದಾಗಿಂದ್ಲೂ ನೀನೇ ಸೀನಿಯರ್ ಅಕ್ಕಾ. ಒಂದ್ಸಲನಾದ್ರೂ..."

"ಕೇಳಿದ್ರೆ ನಾನೇ ಬಿಟ್ಕೊಡ್ತಿದ್ದೆ."

"ಕೊಡ್ತಿರಲಿಲ್ಲ."

ಕೊಡುತ್ತಿದ್ದೆನೋ ಇಲ್ಲವೋ, ನಿಜವಾಗಿ ನನಗೂ ಗೊತ್ತಿಲ್ಲ. ಜಗಳವಾಡುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಆಮೇಲೆ ಏನೋ ಒಂದು ಆಗುತ್ತಿತ್ತು. ಆದರೆ ಕೇಳಬೇಕಿತ್ತು. ಕೇಳುವಷ್ಟು ಯೋಗ್ಯತೆಯೂ ನನಗಿಲ್ಲವೆಂದು ಅವಳು ತೀರ್ಮಾನಿಸಿದ್ದಳಲ್ಲ, ಅದನ್ನು ನುಂಗುವುದು ನನ್ನಿಂದಾಗಲಿಲ್ಲ.

"ನಾನು ಸುಳ್ಳೇನೂ ಬರೆದಿಲ್ಲ," ಎಂದಳು. "ನಿನ್ನ ಕೈಯಲ್ಲೂ ಸುಳ್ಳು ಬರೆಸಿಲ್ಲ."

"ಇಲ್ಲ. ಫಾರಮ್ಮಿನಲ್ಲಿ ಎಲ್ಲಾ ನಿಜ. ನೀನು ನಂಗೆ ಹೇಳಿದ್ದು ಮಾತ್ರ ಸುಳ್ಳು."

ಅವಳು ಮತ್ತೆ ಸೀಮೆಸುಣ್ಣಕ್ಕೆ ಕೈ ಹಾಕಿದಳು. ನಾನು ಹೊರಟೆ. ಮೆಟ್ಟಿಲಲ್ಲಿ ಮಂಡಿ ನಿಜಕ್ಕೂ ನೋಯುತ್ತಿತ್ತು.

ಕೊನೆಯ ಪಾಠದ ದಿನ ಮಕ್ಕಳು ಚೀಲ ಹೆಗಲಿಗೇರಿಸಿಕೊಂಡೇ ಕೂತಿದ್ದರು. ತಂಗಿ ಬಂದು ಅವರನ್ನು ಕೆಳಗೆ ಕರೆದುಕೊಂಡು ಹೋಗಬೇಕಿತ್ತು. ಭೂಪಟ ಬಿಚ್ಚಿದ ಕಿಟಕಿಯಿಂದ ಗಾಳಿ ಬರುತ್ತಿತ್ತು. ನಾನು ಯಾವ ಪಾಠವನ್ನೂ ಇಟ್ಟುಕೊಂಡಿರಲಿಲ್ಲ. ಪಟ್ಟಿಗಳನ್ನು ವಾಪಸ್ಸು ತೆಗೆದುಕೊಂಡು ಎಣಿಸುತ್ತಿದ್ದಾಗ ರಬ್ಬರ್ ಎದ್ದು ನಿಂತಳು.

"ಟೀಚರ್, ನಾನು ಆ ಲೆಕ್ಕ ಅಳಿಸ್ದೇ ಇದ್ದಿದ್ರೆ ಆರು ಜನ ಆಗ್ತಿದ್ವಿ ಅಲ್ವಾ?"

"ಆಗ್ತಿದ್ರಿ."

"ಹನ್ನೊಂದರಲ್ಲಿ ಆರು ಅಂದ್ರೆ ಪಾಯಿಂಟ್ ಐದು ಐದು. ಮುಚ್ತಿರಲಿಲ್ಲ." ಅವಳು ಮನೆಯಲ್ಲಿ ಭಾಗಿಸಿ ನೋಡಿದ್ದಳು. "ನನ್ನಿಂದ ಮುಚ್ತಿದಾರೆ."

ಹತ್ತೂ ಮಕ್ಕಳು ಅವಳತ್ತ ತಿರುಗಿದರು. ಆ ಹೊತ್ತಿಗೆ ಸರಿಯಾಗಿ ತಂಗಿ ಹಾಜರಿ ಪುಸ್ತಕ ಹಿಡಿದು ಬಾಗಿಲಿಗೆ ಬಂದು ನಿಂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಮುಖ ನೋಡಿದರೇ ತಿಳಿಯುತ್ತಿತ್ತು.

ನಾನು ಕಪ್ಪುಹಲಗೆಯ ಮೇಲೆ, ಬಿರುಕಿನಿಂದ ಒಂದು ಗೇಣು ಬಿಟ್ಟು, ಹನ್ನೊಂದರಲ್ಲಿ ಐದನ್ನು ಭಾಗಿಸಿ ಬರೆದೆ. 0.4545. "ಬಾ. ಒಂದು ಸ್ಥಾನದ ಪಟ್ಟಿ ಇಡು." ಅವಳು ಇಟ್ಟಳು. ದೊಡ್ಡ ಕಿಂಡಿಯಲ್ಲಿ ನಾಲ್ಕು, ಸಣ್ಣ ಕಿಂಡಿಯಲ್ಲಿ ಐದು.

"ಪಾಯಿಂಟ್ ಐದು ಟೀಚರ್!"

"ನೋಡಿದ್ಯಾ? ಐದು ಜನ ಪಾಸಾಗಿದ್ದೇ ಸಾಕಾಗಿತ್ತು. ನಿನ್ನಿಂದ ಮುಚ್ತಿಲ್ಲ. ಫಾರಮ್ಮಲ್ಲಿ ನಾನು ಒಂದು ಅಂಕಿ ಹೆಚ್ಚು ಬರೆದೆ. ಅದರಿಂದ ಮುಚ್ತಿದಾರೆ."

"ಯಾಕೆ ಬರೆದ್ರಿ?"

"ಎರಡು ಸ್ಥಾನಕ್ಕೆ ಬರೀಬೇಕು ಅಂತ ಒಬ್ಬರು ಹೇಳಿದ್ರು. ನಂಬಿದೆ."

"ಯಾರು ಟೀಚರ್?"

ನಾನು ಬಾಗಿಲ ಕಡೆ ನೋಡಿದೆ. ಹೆಸರು ಹೇಳಲು ನನಗೆ ಒಂದು ಕ್ಷಣ ಸಾಕಿತ್ತು. ನಾಳೆಯಿಂದ ಈ ಮಕ್ಕಳು ಅವಳ ಮುಖ ನೋಡಿಯೇ ಕಲಿಯಬೇಕು, ಅದಕ್ಕೆ ಹೇಳಲಿಲ್ಲ. ಅವಳೇ ಹೇಳಲಿ ಎಂದು ಕಾದೆ. 'ನಾನು' ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ಲೇ ಎಲ್ಲ ಮರೆತುಬಿಡುತ್ತಿದ್ದೆ, ನನ್ನ ಸಿಟ್ಟಿನ ಆಯುಸ್ಸು ಅಷ್ಟೇ. ತಂಗಿ ಹಾಜರಿ ಪುಸ್ತಕ ಬಿಚ್ಚಿದಳು.

"ಮಕ್ಕಳೇ, ಸಾಲಾಗಿ ಬನ್ನಿ. ಮೆಟ್ಟಿಲಲ್ಲಿ ಓಡಬೇಡಿ."

ಹನ್ನೊಂದು ಜನವೂ ಸಾಲಾಗಿ ಹೋದರು. ಓಡಲಿಲ್ಲ.

ಈಗ ನಾನು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಹಾಕುತ್ತೇನೆ. ಮಧ್ಯಾಹ್ನದ ಡಬ್ಬಿಯನ್ನು ಅಲ್ಲೇ ಕಪಾಟಿನ ಪಕ್ಕ ಕೂತು ಬಿಚ್ಚುತ್ತೇನೆ. ನಿನ್ನೆ ರಬ್ಬರ್ ಬಂದಿದ್ದಳು. ಪುಸ್ತಕ ಬೇಕಾಗಿರಲಿಲ್ಲ ಅವಳಿಗೆ, ಸುದ್ದಿ ಹೇಳಬೇಕಿತ್ತು.

"ಟೀಚರ್, ನಾನು ಪಾಸ್! ಇವತ್ತು ಒಂದೂ ಅಳಿಸಲಿಲ್ಲ. ಮಿಸ್ ಅವರ ಪಟ್ಟೀನೇ ನಂಗೆ ಕೊಟ್ರು."

"ಯಾವ ಪಟ್ಟಿ?"

"ಅವರ ಹತ್ರ ಒಂದು ಹಳೇದಿದೆ. ಸುತ್ತ ನೀಲಿ ಬಟ್ಟೆ ಅಂಟ್ಸಿದೆ. ಚಿಕ್ಕವರಿದ್ದಾಗ ಅವರೇ ಮಾಡ್ಕೊಂಡಿದ್ದಂತೆ."

ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟೆ. ಮೂವತ್ತೈದು ವರ್ಷ ಅದನ್ನು ಇಟ್ಟುಕೊಂಡಿದ್ದಾಳೆ ಎನ್ನುವುದು ನನಗೆ ಗೊತ್ತೇ ಇರಲಿಲ್ಲ. ಮಗು ಏನೋ ತಪ್ಪು ಕೇಳಿಸಿಕೊಂಡಿರಬೇಕು ಎಂದುಕೊಂಡೆ.

"ಅದರ ಹಿಂದುಗಡೆ ಏನೋ ಬರೆದಿರತ್ತಲ್ಲ, ಓದಿದ್ಯಾ?"

"ಇಲ್ಲ ಟೀಚರ್. ಹಿಂದುಗಡೆ ಬಿಳೀ ಕಾಗದ ಅಂಟಿಸಿದಾರೆ," ಎಂದಳು ರಬ್ಬರ್. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ, ಬಿಡಿಸಿ, ನನ್ನ ಮುಂದೆ ಚಾಚಿದಳು. "ಗೋಂದು ಇನ್ನೂ ಒಣಗಿಲ್ಲ. ನೋಡಿ, ಕೈಗೆಲ್ಲ ಅಂಟ್ಕೊಂಡಿದೆ."